ಘಟ್ಟ ಇಳಿದು ನಾಲ್ಕು ದಿನ: ಕಡಲ ಪಕ್ಕದ ಬಾಡಿಗೆ ಮನೆಯಲ್ಲಿ ನಾವೇ ಅಡುಗೆ ಮಾಡಿಕೊಂಡು ಇರುವುದು ಹೇಗೆ?

ತೀರ್ಥಹಳ್ಳಿ ಕಡೆಯ ನಮಗೆ ಸಮುದ್ರ ಎಂದರೆ ‘ಕೆಳಗೆ’. ‘ಕೆಳಗೆ ಹೋಗಿ ಬಂದ್ವಿ’ ಎಂದರೆ ಘಟ್ಟ ಇಳಿದು, ಉಡುಪಿಯಲ್ಲಿ ಊಟ ಮಾಡಿ, ಮಲ್ಪೆಯಲ್ಲಿ ಕಾಲು ಒದ್ದೆ ಮಾಡಿಕೊಂಡು, ಕತ್ತಲಾಗುವುದರೊಳಗೆ ವಾಪಸ್ ಬಂದೆವು ಎಂದು ಅರ್ಥ. ಅಷ್ಟು ಹತ್ತಿರ ಇರುವುದರಿಂದಲೇ ಅಲ್ಲಿ ಉಳಿಯಬೇಕು ಎಂದು ನಮಗೆ ಅನಿಸುವುದಿಲ್ಲ.

ಕೆಲವು ವರ್ಷದ ಹಿಂದೆ ಅಣ್ಣನ ಮನೆಯವರೂ ನಾವೂ ಸೇರಿ ಮೊದಲ ಸಲ ಮೂರು ರಾತ್ರಿಗೆ ಒಂದು ಮನೆ ಹಿಡಿದೆವು. ಅಮ್ಮನೂ ಸೇರಿ ದೊಡ್ಡವರು ಐವರು, ಮಕ್ಕಳು ಮೂವರು. ಫೋಟೋದಲ್ಲಿ ಜಗಲಿಯಿಂದಲೇ ಸಮುದ್ರ ಕಾಣುತ್ತಿತ್ತು. ಅದನ್ನು ನೋಡಿಯೇ ಮುಂಗಡ ಕೊಟ್ಟೆವು. ಜಗಲಿ ನಿಜವಾಗಿಯೂ ಚೆನ್ನಾಗಿತ್ತು. ಅಡುಗೆಮನೆಯಲ್ಲಿ ಇದ್ದದ್ದು ಒಂದು ಸ್ಟೌ, ಎರಡು ಅಲ್ಯೂಮಿನಿಯಂ ಪಾತ್ರೆ, ಹಿಡಿ ಇಲ್ಲದ ಬಾಣಲೆ. ಮೊದಲ ರಾತ್ರಿ ಅನ್ನ ಅರ್ಧ ಬೆಂದಾಗ ಗ್ಯಾಸ್ ಖಾಲಿ. ಮಾರನೇ ದಿನ ಸಂಜೆ ಎಲ್ಲರೂ ನೀರಿನಲ್ಲಿ ಆಡುತ್ತಿದ್ದಾಗ ಅತ್ತಿಗೆ ಮಾತ್ರ ಪಾತ್ರೆ ತೊಳೆಯುತ್ತಿದ್ದರು. ‘ಮನೆಯಲ್ಲಿ ಮಾಡೋದನ್ನೇ ಇಲ್ಲಿ ಬಂದು ಮಾಡೋದಾದ್ರೆ ನಾನ್ಯಾಕೆ ಬರ್ಬೇಕಿತ್ತು?’ ಅಂದರು. ಯಾರ ಬಳಿಯೂ ಉತ್ತರ ಇರಲಿಲ್ಲ.

ಆಮೇಲೆ ಮತ್ತೆ ಮತ್ತೆ ಹೋಗಿದ್ದೇವೆ. ಈಗ ಮನೆ ಹಿಡಿಯುವಾಗ ಸಮುದ್ರವನ್ನು ಕೊನೆಗೆ ನೋಡುತ್ತೇವೆ, ಅಡುಗೆಮನೆಯನ್ನು ಮೊದಲು. ಈ ಬರಹದ ಕ್ರಮವೂ ಹೆಚ್ಚುಕಡಿಮೆ ಹಾಗೆಯೇ ಇದೆ.

ಮೊದಲು ದಿನ ಗೊತ್ತು ಮಾಡಿ

ಕರಾವಳಿಗೆ ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರವರಿ. ಬೆವರು ಕಡಿಮೆ, ಸಮುದ್ರ ಶಾಂತ, ಮೀನು ಧಾರಾಳ. ತೊಂದರೆ ಏನೆಂದರೆ ನಮ್ಮಲ್ಲಿ ಗದ್ದೆ ಕೊಯ್ಲು, ಅಡಿಕೆ ಕೊಯ್ಲು ಎರಡೂ ಬರುವುದು ಅದೇ ಹೊತ್ತಿಗೆ. ಅಂಗಳದಲ್ಲಿ ಅಡಿಕೆ ಹರಡಿಟ್ಟು ಯಾರು ತಾನೇ ಮನೆ ಬಿಟ್ಟು ಹೋಗುತ್ತಾರೆ? ಹಾಗಾಗಿ ತೋಟ ಇರುವವರಿಗೆ ಉಳಿಯುವುದು ಎರಡೇ ಕಿಂಡಿ. ಕೊಯ್ಲಿಗೆ ಮುಂಚಿನ ದಸರಾ ರಜೆ, ಇಲ್ಲವೇ ಕೊಯ್ಲು ಮುಗಿದ ಮೇಲಿನ ಫೆಬ್ರವರಿ. ದಸರಾ ಹೊತ್ತಿಗೆ ಒಂದೆರಡು ಮಳೆ ಬಂದರೂ ಬರಬಹುದು, ಆದರೆ ಮಕ್ಕಳಿಗೆ ಶಾಲೆ ಇರುವುದಿಲ್ಲ. ನನ್ನ ಓಟು ದಸರಾಕ್ಕೆ.

ಏಪ್ರಿಲ್, ಮೇನಲ್ಲಿ ಹೋಗಲೇಬೇಕಾದರೆ ಹೋಗಿ. ಆದರೆ ಮಲೆನಾಡಿನ ಮೈಗೆ ಆ ಸೆಕೆ ಒಗ್ಗುವುದಿಲ್ಲ. ರಾತ್ರಿ ಕರೆಂಟ್ ಹೋದರೆ ಮಕ್ಕಳು ನಿದ್ದೆ ಮಾಡುವುದಿಲ್ಲ, ದೊಡ್ಡವರನ್ನೂ ಮಾಡಲು ಬಿಡುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಸುಮ್ನೆ ಸಮುದ್ರ ನೋಡಲು ಹೋಗಬಹುದು. ಇಳಿಯುವಂತಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವೂ ಇರುತ್ತದೆ. ಮೀನು ಸಿಗುವುದು ಕಡಿಮೆ, ಬೆಲೆ ಜಾಸ್ತಿ. ಡಿಸೆಂಬರ್ ಕೊನೆಯ ವಾರದಲ್ಲಿ ಮತ್ತು ಶಿವರಾತ್ರಿ ಹೊತ್ತಿನಲ್ಲಿ ಮುರುಡೇಶ್ವರ, ಗೋಕರ್ಣದ ಕಡೆ ತಲೆ ಹಾಕಬೇಡಿ.

ದಿನ ಗೊತ್ತಾದ ಕೂಡಲೇ ದನ ನೋಡಿಕೊಳ್ಳುವವರು ಯಾರು ಎಂದೂ ಗೊತ್ತು ಮಾಡಿಕೊಳ್ಳಿ. ಮನೆಗೆ ಮುಂಗಡ ಕೊಡುವುದು ಆಮೇಲೆ.

ಊರು, ಘಾಟಿ

ಊರು ಆರಿಸುವಾಗ ನೀವು ಯಾವ ಘಾಟಿ ಇಳಿಯುತ್ತೀರಿ ಎಂಬುದೇ ಅರ್ಧ ತೀರ್ಮಾನ ಮಾಡುತ್ತದೆ.

ತೀರ್ಥಹಳ್ಳಿಯಿಂದ ಆಗುಂಬೆ ಘಾಟಿಯಲ್ಲಿ ಇಳಿದರೆ ಸೋಮೇಶ್ವರ, ಹೆಬ್ರಿ ದಾಟಿ ಉಡುಪಿ. ಮಲ್ಪೆ, ಕಾಪು, ಪಡುಬಿದ್ರಿ ಕಡೆಗೆ ಇದೇ ಹತ್ತಿರ. 14 ಹೇರ್‌ಪಿನ್ ತಿರುವು, ಒಂದಕ್ಕಿಂತ ಒಂದು ಗಟ್ಟಿ. ದೊಡ್ಡ ಬಸ್ಸು, ಲಾರಿ ಇಲ್ಲಿ ಬರುವುದಿಲ್ಲ, ಮಿನಿ ಬಸ್ಸುಗಳೇ ಓಡಾಡುವುದು. ಕುಂದಾಪುರ, ಮರವಂತೆ ಕಡೆಗೆ ಹೋಗುವವರಿಗೆ ಮಾಸ್ತಿಕಟ್ಟೆಯ ಮೇಲೆ ಹುಲಿಕಲ್ ಘಾಟಿ. ಬಾಳೆಬರೆ ಘಾಟಿ ಎಂದರೂ ಅದೇ. ಇಲ್ಲಿ ಲಾರಿಗಳ ಹಿಂದೆ ತೆವಳುವ ತಾಳ್ಮೆ ಬೇಕು. ಹೊಸನಗರ, ಬಿದನೂರು ನಗರದ ಕಡೆಯವರು ನಾಗೋಡಿ ಘಾಟಿ ಇಳಿದು ಕೊಲ್ಲೂರಿನ ಮೇಲೆ ಬೈಂದೂರಿಗೆ ಹೋಗಬಹುದು. ಸಾಗರದವರಿಗೆ ಜೋಗ, ಗೇರುಸೊಪ್ಪೆಯ ಮೇಲೆ ಹೊನ್ನಾವರ ಸುಮಾರು 90 ಕಿಲೋಮೀಟರ್. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಾಗರದವರು ಲಾಂಚಿಗೆ ಕಾಯದೆ ತುಮರಿ ಕಡೆಯಿಂದಲೂ ಕೊಲ್ಲೂರಿನತ್ತ ಇಳಿಯಬಹುದು.

ರೈಲನ್ನು ನಂಬಿಕೊಳ್ಳಬೇಡಿ. ಶಿವಮೊಗ್ಗದ ರೈಲು ತಾಳಗುಪ್ಪಕ್ಕೆ ಬಂದು ನಿಂತುಬಿಡುತ್ತದೆ, ಘಟ್ಟ ಇಳಿಯುವುದಿಲ್ಲ.

ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟಿಗಳು ಬಂದ್ ಆಗುವುದುಂಟು. ಹೊರಡುವ ಹಿಂದಿನ ದಿನ ಆ ದಾರಿಯಲ್ಲಿ ಓಡಾಡುವ ಬಸ್ಸಿನವರನ್ನು ಕೇಳಿಕೊಳ್ಳಿ. ಇಳಿಯುವಾಗ ಎರಡನೇ ಗೇರ್, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರುವುದಲ್ಲ. ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು. ವಾಂತಿ ಮಾಡಿಕೊಳ್ಳುವ ಮಕ್ಕಳಿಗೆ ಹೊರಡುವ ಮುಂಚೆ ಹೊಟ್ಟೆ ತುಂಬ ತಿಂಡಿ ಕೊಡಬೇಡಿ. ಅಜ್ಜಿಯರು ಹೇಳುವ ನಿಂಬೆಹಣ್ಣು ಕೈಯಲ್ಲಿರಲಿ, ಜೊತೆಗೆ ನಾಲ್ಕು ಪ್ಲಾಸ್ಟಿಕ್ ಕವರ್ ಸೀಟಿನ ಜೇಬಿನಲ್ಲಿರಲಿ. ನಿಂಬೆಹಣ್ಣಿಗಿಂತ ಕವರೇ ಹೆಚ್ಚು ಉಪಯೋಗಕ್ಕೆ ಬಂದದ್ದು.

ಊರುಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ನೋಡಲು ಅದಕ್ಕಿಂತ ಚಂದದ ಜಾಗ ಇಲ್ಲ, ಆದರೆ ನೀರಿಗಿಳಿಯಲು ಅದು ಒಳ್ಳೆಯ ಜಾಗವಲ್ಲ. ಸಣ್ಣ ಮಕ್ಕಳಿದ್ದರೆ ಹೊನ್ನಾವರದ ಕಾಸರಕೋಡು ಅಥವಾ ಪಡುಬಿದ್ರಿ ನೋಡಿ. ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಎರಡಕ್ಕೂ 2020ರಲ್ಲಿ ಸಿಕ್ಕಿದೆ. ಸ್ನಾನಕ್ಕೆ, ಬಟ್ಟೆ ಬದಲಿಸಲು ಅನುಕೂಲ ಇದೆ. ನಮಗೆ ಹಿಡಿಸಿರುವುದು ಬೈಂದೂರಿನಿಂದ ಕುಂದಾಪುರದವರೆಗಿನ ಪಟ್ಟಿ. ಜನ ಕಡಿಮೆ, ಮೀನು ಹತ್ತಿರ, ಮಾತು ಅರ್ಥವಾಗುತ್ತದೆ. ಮೊದಲ ದಿನ ಕುಂದಗನ್ನಡ ಅರ್ಧವೇ ಅರ್ಥವಾಗುತ್ತದೆ ಅನ್ನುವುದು ಬೇರೆ ಮಾತು.

ಮನೆಯವರಿಗೆ ಫೋನ್ ಮಾಡಿದಾಗ ಏನು ಕೇಳಬೇಕು

ಫೋಟೋ ನಂಬಬೇಡಿ. ‘ಅಡುಗೆಮನೆಯ ಒಂದು ವಿಡಿಯೋ ಕಳಿಸ್ತೀರಾ?’ ಎಂದು ಕೇಳಿ. ಕಪಾಟು ತೆರೆದು ತೋರಿಸಿದರೆ ಅಲ್ಲಿಗೇ ಅರ್ಧ ಕೆಲಸ ಮುಗಿಯಿತು. ಕುಕ್ಕರ್ ಎಷ್ಟು ಲೀಟರಿನದು? ಎಂಟು ಜನರಿಗೆ 3 ಲೀಟರಿನ ಕುಕ್ಕರ್ ಸಾಲದು. ಮಿಕ್ಸಿ ಇದೆಯಾ, ಓಡುತ್ತದಾ? ಕರಾವಳಿಗೆ ಹೋಗಿ ತೆಂಗಿನಕಾಯಿ ರುಬ್ಬದೆ ಅಡುಗೆ ಮಾಡುವುದು ಸಾಧ್ಯವಿಲ್ಲ. ಕಾಯಿ ತುರಿಯುವ ಮಣೆ ಇದೆಯಾ? ಫ್ರಿಜ್ಜಿನಲ್ಲಿ ಜಾಗ ಇದೆಯಾ, ಅಥವಾ ಮನೆಯವರದ್ದೇ ತುಂಬಿದೆಯಾ? ಸಿಲಿಂಡರ್ ಎರಡು ಇದೆಯಾ, ಖಾಲಿಯಾದರೆ ರಾತ್ರಿ ಯಾರು ಬಂದು ಬದಲಿಸುತ್ತಾರೆ?

ಇದನ್ನೆಲ್ಲ ಕೇಳಿದರೆ ತಪ್ಪು ತಿಳಿಯುತ್ತಾರೆ ಎಂದು ನಾಚಬೇಡಿ. ನಾವು ಈಗ ಹೋಗುವ ಮನೆಯ ಅಮ್ಮ, ನಾನು ಪ್ರಶ್ನೆ ಮುಗಿಸುವ ಮೊದಲೇ ‘ನಿಮ್ಗೆ ದೋಸೆ ಕಾವಲಿ ಬೇಕಾ?’ ಎಂದು ಕೇಳಿದ್ದರು. ಅವತ್ತೇ ಮುಂಗಡ ಹಾಕಿದೆ.

ಮೀನು, ಮಾಂಸ ಮಾಡಬಹುದಾ ಎಂದು ಬಾಯಿಬಿಟ್ಟು ಕೇಳಿ. ಎಷ್ಟೋ ಮನೆಗಳಲ್ಲಿ ಬಿಡುವುದಿಲ್ಲ. ಹೋದ ಮೇಲೆ ಗೊತ್ತಾದರೆ ಇಬ್ಬರಿಗೂ ಮುಜುಗರ. ನಿಮ್ಮ ಗುಂಪಿನಲ್ಲೇ ತಿನ್ನುವವರು, ತಿನ್ನದವರು ಇಬ್ಬರೂ ಇದ್ದರೆ ಎರಡು ಒಲೆ ಇರುವ ಮನೆ ನೋಡಿ. ಕೆಲವು ಮನೆಗಳ ಹಿತ್ತಿಲಲ್ಲಿ ಸೌದೆ ಒಲೆ ಇರುತ್ತದೆ. ಮೀನು ಅಲ್ಲಿ, ತಿಳಿಸಾರು ಒಳಗೆ. ನಮ್ಮ ಅಮ್ಮ ಮೀನು ಮುಟ್ಟುವುದಿಲ್ಲ, ಅಣ್ಣನಿಗೆ ಮೀನು ಇಲ್ಲದೆ ಊಟ ಸೇರುವುದಿಲ್ಲ. ಹಿತ್ತಿಲ ಒಲೆ ಇದ್ದುದರಿಂದ ಇಬ್ಬರೂ ನಗುನಗುತ್ತಾ ಉಂಡರು.

ಆಮೇಲೆ ನೀರು. ಕಡಲ ಪಕ್ಕದ ಬಾವಿಗಳಲ್ಲಿ ಬೇಸಿಗೆ ಬಂದಂತೆ ಉಪ್ಪು ಏರುತ್ತದೆ. ‘ಕುಡಿಯೋಕೆ ಬಾವಿ ನೀರೇನಾ, ಈಗ ಉಪ್ಪು ಆಗಿದ್ಯಾ?’ ಎಂದು ಕೇಳಿ. ಉಪ್ಪು ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಚಹಾ ಕುಡಿಯಲಾಗುವುದಿಲ್ಲ. ಕ್ಯಾನ್ ನೀರು ತರಿಸುವುದಾದರೆ ಯಾರಿಂದ ಎಂಬುದನ್ನೂ ಕೇಳಿಟ್ಟುಕೊಳ್ಳಿ.

ಇನ್ನೊಂದು ಮಾತು, ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಮನೆ ಹೆದ್ದಾರಿಯ ಯಾವ ಪಕ್ಕದಲ್ಲಿದೆ? ‘ಬೀಚ್‌ಗೆ 200 ಮೀಟರ್’ ಎಂದಿರುತ್ತದೆ. ಆ 200 ಮೀಟರ್ ನಡುವೆ ಹೆದ್ದಾರಿ 66 ಅಡ್ಡ ಬಂದರೆ, ದಿನಕ್ಕೆ ನಾಲ್ಕು ಸಲ ಮಕ್ಕಳ ಕೈ ಹಿಡಿದು ಲಾರಿಗಳ ನಡುವೆ ದಾಟಬೇಕು. ಮನೆ ಹೆದ್ದಾರಿಯಿಂದ ಪಡುವಣಕ್ಕೇ ಇರಲಿ. ಹಾಗೆಯೇ ಕಾರು ಎಲ್ಲಿ ನಿಲ್ಲಿಸುವುದು ಎಂದು ಕೇಳಿ. ‘ತೀರದ ತನಕ ಬರುತ್ತೆ’ ಎಂದರೆ ಮರಳಿಗೆ ಇಳಿಸಬೇಡಿ. ನಾನು ಇಳಿಸಿದ್ದೆ. ಮುಂದಿನ ಚಕ್ರ ಅರ್ಧ ಹೂತು, ಆರು ಜನ ಬಲೆ ಎಳೆಯುವವರು ಬಂದು ತಳ್ಳಿದರು. ಅವರು ಒಂದು ಮಾತೂ ಆಡಲಿಲ್ಲ. ಅದೇ ಹೆಚ್ಚು ನಾಚಿಕೆಯಾದದ್ದು.

ಕರೆಂಟ್ ಹೋದರೆ ಇನ್ವರ್ಟರ್ ಇದೆಯಾ, ಸೊಳ್ಳೆಪರದೆ ಇದೆಯಾ, ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ನೋಂದಣಿ ಆಗಿದೆಯಾ, ಮುಂಗಡ ವಾಪಸ್ ಬರುವುದಾ. ಇವು ಎಲ್ಲರೂ ಕೇಳುವ ಪ್ರಶ್ನೆಗಳು, ನೀವೂ ಕೇಳುತ್ತೀರಿ. ಮಾತಾಡಿದ್ದನ್ನು ವಾಟ್ಸಾಪ್‌ನಲ್ಲಿ ಒಮ್ಮೆ ಬರೆದು ಕಳಿಸಿಬಿಡಿ.

ಅಡುಗೆ ಯಾರದು?

ಇದನ್ನು ಮನೆಯಲ್ಲಿ ಕೂತೇ ತೀರ್ಮಾನ ಮಾಡಿ. ಅಲ್ಲಿ ಹೋದ ಮೇಲೆ ‘ನೋಡ್ಕೊಂಡ್ರಾಯ್ತು’ ಎಂದರೆ ಅದು ಮಾಮೂಲಿ ಯಾರ ತಲೆಗೆ ಬೀಳುತ್ತದೋ ಅವರ ತಲೆಗೇ ಬೀಳುತ್ತದೆ.

ನಮ್ಮದು ಈಗ ಹೀಗಿದೆ. ಬೆಳಗಿನ ತಿಂಡಿ ಹೋಟೆಲಿನಲ್ಲಿ. ಬನ್ಸ್, ಗೋಳಿಬಜೆ ಬಿಸಿಬಿಸಿ ಸಿಗುವ ಊರಿನಲ್ಲಿ ಬೆಳಿಗ್ಗೆ ಆರಕ್ಕೆ ಎದ್ದು ಉಪ್ಪಿಟ್ಟು ಕೆದಕುವುದಕ್ಕೆ ಅರ್ಥವಿಲ್ಲ. ಮಧ್ಯಾಹ್ನದ ಊಟ ಮನೆಯಲ್ಲಿ, ಅದೇ ದಿನದ ದೊಡ್ಡ ಅಡುಗೆ. ಹೊರಗೆ ಹೇಗೂ ಆ ಬಿಸಿಲಲ್ಲಿ ಮಾಡಲು ಏನೂ ಇಲ್ಲ. ರಾತ್ರಿ ಗಂಜಿ, ಉಪ್ಪಿನಕಾಯಿ, ಒಂದು ಚಟ್ನಿ, ಮಿಕ್ಕ ಸಾರು. ಅಡುಗೆ ಮಾಡಿದವರು ಪಾತ್ರೆ ಮುಟ್ಟುವಂತಿಲ್ಲ. ಪಾತ್ರೆ ನನ್ನದು ಮತ್ತು ಅಣ್ಣನದು. ಒಂದು ಮಧ್ಯಾಹ್ನದ ಅಡುಗೆ ಪೂರ್ತಿ ಗಂಡಸರದ್ದು. ನಾವು ಮಾಡುವುದು ಪ್ರತಿ ಸಲವೂ ಟೊಮೆಟೊ ಬಾತ್. ಯಾರೂ ದೂರುವುದಿಲ್ಲ.

ಏನು ಕಟ್ಟಿಕೊಂಡು ಹೋಗಬೇಕು

ಮಲೆನಾಡಿನವರ ರೋಗ ಒಂದಿದೆ. ಎಲ್ಲಿಗೆ ಹೊರಟರೂ ಅರ್ಧ ಮನೆ ಕಟ್ಟಿಕೊಂಡು ಹೊರಡುವುದು. ಮೊದಲ ಸಲ ನಾವು 10 ಕಿಲೋ ಅಕ್ಕಿ ಒಯ್ದು 6 ಕಿಲೋ ವಾಪಸ್ ತಂದೆವು. ಲೆಕ್ಕ ಸುಲಭ ಇದೆ. ಒಬ್ಬರಿಗೆ ಒಂದು ಊಟಕ್ಕೆ 100 ಗ್ರಾಂ ಅಕ್ಕಿ. ಎಂಟು ಜನ, ಐದು ಊಟ ಎಂದರೆ 4 ಕಿಲೋ. ಮೇಲೆ ಅರ್ಧ ಕಿಲೋ ಇರಲಿ.

ಅಕ್ಕಿ ನಿಮ್ಮದೇ ಒಯ್ಯಿರಿ. ಕೆಳಗೆ ಕುಚ್ಚಲಕ್ಕಿ ಜಾಸ್ತಿ. ಅದರ ಗಂಜಿ ರುಚಿ, ಒಂದು ರಾತ್ರಿಗೆ ಅಲ್ಲೇ ಅರ್ಧ ಕಿಲೋ ಕೊಳ್ಳಿ. ಆದರೆ ಬೇಯಲು ಬೆಳ್ತಿಗೆ ಅಕ್ಕಿಗಿಂತ ಬಹಳ ಹೊತ್ತು ಬೇಕು, ಹಸಿದ ಮಕ್ಕಳನ್ನು ಮುಂದೆ ಕೂರಿಸಿಕೊಂಡು ಮಾಡುವ ಅಡುಗೆ ಅದಲ್ಲ. ಸಾರಿನ ಪುಡಿ, ಮನೆಯ ಮಸಾಲೆ, ಚಟ್ನಿಪುಡಿ, ಒಂದು ಬಾಟಲಿ ಅಪ್ಪೆಮಿಡಿ, ಪುಳಿಯೋಗರೆ ಗೊಜ್ಜು, ಹಾಲು ಸಿಗದಿದ್ದರೆ ಇರಲಿ ಎಂದು ಹಾಲಿನ ಪುಡಿ. ಮೊದಲ ರಾತ್ರಿಗೆ ಬುತ್ತಿ ಕಟ್ಟಿಕೊಂಡೇ ಹೋಗಿ. ಘಾಟಿ ಇಳಿದು ಸುಸ್ತಾದವರು ಹೊಸ ಅಡುಗೆಮನೆಯಲ್ಲಿ ಬೆಂಕಿಪೊಟ್ಟಣ ಹುಡುಕುವಂತಾಗಬಾರದು.

ನಿಮ್ಮ ಮನೆಯ ಹರಿತವಾದ ಒಂದು ಚಾಕು, ಎರಡು ಮಸಿಬಟ್ಟೆ, ಬೆಂಕಿಪೊಟ್ಟಣ, ಟಾರ್ಚ್, ಬಟ್ಟೆ ಒಣಗಿಸಲು ಹಗ್ಗ. ಕಾಯಿ, ತರಕಾರಿ, ಕೊಬ್ಬರಿ ಎಣ್ಣೆ ಒಯ್ಯಬೇಡಿ. ಅಲ್ಲೇ ಕೊಳ್ಳಿ. ಆ ಊರಿನ ಸಂತೆ ಯಾವ ದಿನ ಎಂದು ಮನೆಯವರನ್ನು ಕೇಳಿದರೆ ತರಕಾರಿಯೂ ಆಯಿತು, ಒಂದು ಬೆಳಗ್ಗೆಯೂ ಕಳೆಯಿತು. ಉಡುಪಿ ಕಡೆಯಾದರೆ ಮಟ್ಟು ಗುಳ್ಳ ಬದನೆ ಸಿಕ್ಕರೆ ಬಿಡಬೇಡಿ. ಬೇಸಿಗೆಯಲ್ಲಿ ಕುಮಟಾ ದಾರಿಯಲ್ಲಿ ಸಿಹಿ ಈರುಳ್ಳಿಯ ಜಡೆ ತೂಗುಹಾಕಿರುತ್ತಾರೆ. ಬಾಯಾರಿಕೆಗೆ ಮುರುಗಲ ಹಣ್ಣಿನ ಶರಬತ್ತು. ಕೆಳಗೆ ಅದನ್ನೇ ಪುನರ್ಪುಳಿ ಅನ್ನುತ್ತಾರೆ.

ಬಟ್ಟೆ ಹತ್ತಿಯದೇ ಇರಲಿ. ಸ್ವೆಟರ್ ಆಗುಂಬೆಯವರೆಗೆ ಮಾತ್ರ.

ಮೀನು ಕೊಳ್ಳುವುದು

ನಮ್ಮಲ್ಲಿ ಹೊಳೆ ಮೀನು, ಕೆರೆ ಮೀನು ಗೊತ್ತು. ಸಮುದ್ರದ ಮೀನು ಘಟ್ಟ ಹತ್ತಿ ಬರುವ ಹೊತ್ತಿಗೆ ಐಸಿನಲ್ಲಿ ಎಷ್ಟು ದಿನ ಮಲಗಿರುತ್ತದೋ. ಹಾಗಾಗಿ ಕೆಳಗೆ ಹೋದಾಗ ಬೆಳಿಗ್ಗೆ ಬೇಗ ಹೋಗಿ ಕೊಳ್ಳಬೇಕು. ಗಂಗೊಳ್ಳಿ, ಮಲ್ಪೆಯಂಥ ಬಂದರಿನ ಹತ್ತಿರ ಇದ್ದರೆ ಒಮ್ಮೆ ಹರಾಜು ನೋಡಿ ಬನ್ನಿ. ಕೊಳ್ಳುವುದು ಮಾತ್ರ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಹತ್ತಿರ. ನಾಲ್ಕು ಜನಕ್ಕೆ ಸಾಲುವಷ್ಟು ಅಲ್ಲಿ ಸಿಗುತ್ತದೆ.

ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಎತ್ತಿ ನೋಡಿದರೆ ಕೆಂಪಗಿರಬೇಕು, ಬೆರಳಲ್ಲಿ ಒತ್ತಿದರೆ ಗುಳಿ ಉಳಿಯಬಾರದು. ಚೌಕಾಸಿ ಮಾಡಿ, ಆದರೆ ಮಿತಿಯಲ್ಲಿ. ‘ಅಕ್ಕ, ಎರಡು ಜಾಸ್ತಿ ಹಾಕಿ’ ಎಂದರೆ ಹಾಕುತ್ತಾರೆ. ಬೆಲೆ ಅರ್ಧಕ್ಕೆ ಕೇಳಿದರೆ ಆ ಕಡೆ ತಿರುಗಿ ಕೂರುತ್ತಾರೆ. ಸ್ವಲ್ಪ ದುಡ್ಡು ಕೊಟ್ಟರೆ ಹೆಚ್ಚಿ, ತೊಳೆದು ಕೊಡುವವರೂ ಅಲ್ಲೇ ಇರುತ್ತಾರೆ. ಇದು ದೊಡ್ಡ ಉಪಕಾರ, ಬಾಡಿಗೆ ಮನೆಯ ಸಿಂಕಿನಲ್ಲಿ ಮೀನು ಹೆಚ್ಚಲೇಬೇಡಿ.

ಶುರುವಿಗೆ ಬಂಗುಡೆ ಸಾಕು. ಉಪ್ಪು, ಮೆಣಸಿನಪುಡಿ, ಹುಣಸೆರಸ ಕಲಸಿ ಅರ್ಧ ಗಂಟೆ ಬಿಟ್ಟು ಕಾವಲಿ ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಹುರಿಯಿರಿ. ಬೂತಾಯಿ ರುಚಿ, ಅಗ್ಗ. ಆದರೆ ಮುಳ್ಳು ಜಾಸ್ತಿ, ಮಕ್ಕಳಿಗೆ ಬೇಡ. ಮಕ್ಕಳಿಗೆ ಅಂಜಲ್ ಅಥವಾ ಕಾಣೆ, ದುಡ್ಡು ಸ್ವಲ್ಪ ಹೋಗುತ್ತದೆ. ಹೊನ್ನಾವರದ ಕಡೆ ಹೋದರೆ ಹೆಸರೇ ಬದಲಾಗುತ್ತದೆ. ಅಲ್ಲಿ ಬೂತಾಯಿ ತಾರ್ಲೆ, ಅಂಜಲ್ ಇಸ್ವಾಣ. ಮಿಕ್ಕ ಮುಳ್ಳು, ತಲೆಯನ್ನು ಮನೆಯವರನ್ನು ಕೇಳಿ ತೆಂಗಿನ ಬುಡದಲ್ಲಿ ಆಳವಾಗಿ ಹೂಳಿ. ಮೇಲೆಮೇಲೆ ಹೂತರೆ ರಾತ್ರಿ ನಾಯಿಗಳು ಎಲ್ಲವನ್ನೂ ಜಗಲಿಗೆ ತಂದು ಹಾಕುತ್ತವೆ.

ನೀರಿಗಿಳಿಯುವ ಮುಂಚೆ

ಇಷ್ಟು ಹೊತ್ತು ತಮಾಷೆಯಾಗಿ ಹೇಳಿದೆ. ಇದನ್ನು ಹಾಗೆ ಹೇಳಲಾರೆ.

ತುಂಗೆಯಲ್ಲಿ, ಶರಾವತಿಯಲ್ಲಿ, ಊರ ಕೆರೆಯಲ್ಲಿ ಈಜು ಕಲಿತವರಿಗೆ ಒಂದು ಧೈರ್ಯ ಇರುತ್ತದೆ. ಸಮುದ್ರದಲ್ಲಿ ಆ ಧೈರ್ಯವೇ ಅಪಾಯ. ದಡಕ್ಕೆ ಬಂದ ಅಲೆಯ ನೀರು ವಾಪಸ್ ಹೋಗಲು ಎಲ್ಲೋ ಒಂದು ಕಡೆ ದಾರಿ ಮಾಡಿಕೊಳ್ಳುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ನೀರು ಸ್ವಲ್ಪ ಕಪ್ಪಗೆ, ಶಾಂತವಾಗಿ ಕಾಣುತ್ತದೆ. ನಾವು ‘ಇಲ್ಲಿ ಅಲೆ ಇಲ್ಲ’ ಎಂದು ಅಲ್ಲೇ ಇಳಿಯುತ್ತೇವೆ. ಒಳಕ್ಕೆ ಎಳೆಯುವ ಸೆಳೆತ ಇರುವುದು ಅಲ್ಲೇ. ಅಕಸ್ಮಾತ್ ಸಿಕ್ಕಿಬಿದ್ದರೆ ದಡದ ಕಡೆಗೆ ನೇರ ಈಜಬೇಡಿ, ಸೋತುಹೋಗುತ್ತೀರಿ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ಅಲೆಯ ಜೊತೆ ದಡಕ್ಕೆ ಬನ್ನಿ. ಈಜಲು ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕೂಗಿ.

ಮಕ್ಕಳಿಗೆ ಮೊಣಕಾಲುವರೆಗೆ ಮಾತ್ರ. ಒಬ್ಬ ದೊಡ್ಡವರು ಮೊಬೈಲ್ ಇಲ್ಲದೆ ದಡದಲ್ಲಿ ಅವರನ್ನೇ ನೋಡುತ್ತಾ ಕೂರಬೇಕು. ಪಾಳಿ ಹಾಕಿಕೊಳ್ಳಿ. ಕೆಂಪು ಬಾವುಟ ಇದ್ದರೆ, ಜೀವರಕ್ಷಕರು ಬೇಡ ಎಂದರೆ, ಮೀನುಗಾರರು ತಲೆ ಅಲ್ಲಾಡಿಸಿದರೆ ಮಾತಾಡದೆ ವಾಪಸ್ ಬನ್ನಿ. ಕತ್ತಲಾದ ಮೇಲೆ ಇಳಿಯಬೇಡಿ.

ಭರತ, ಇಳಿತದ ಲೆಕ್ಕವೂ ಸ್ವಲ್ಪ ಗೊತ್ತಿರಲಿ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಬಂಡೆಗಳ ಮೇಲೆ ಹತ್ತಿ ಕೂರುವ ಹವ್ಯಾಸ ಇರುವವರು ಇದನ್ನು ಮನೆಯವರ ಹತ್ತಿರ ಕೇಳಿಕೊಂಡೇ ಹೋಗಿ. ನೀರು ಇಳಿದಾಗ ಹತ್ತಿದ ಬಂಡೆಯ ಸುತ್ತ ಭರತ ಬಂದರೆ ಹೋಗುವುದು ಚಪ್ಪಲಿ ಮಾತ್ರ ಅಲ್ಲ.

ಚಳಿಗಾಲದಲ್ಲಿ ಕುಂದಾಪುರ, ಹೊನ್ನಾವರದ ತೀರಗಳಿಗೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಮರಳಲ್ಲಿ ಬೇಲಿ ಕಟ್ಟಿದ ಜಾಗ ಕಂಡರೆ ಹತ್ತಿರ ಹೋಗಬೇಡಿ, ರಾತ್ರಿ ಟಾರ್ಚ್ ಬಿಡುತ್ತಾ ತಿರುಗಬೇಡಿ.

ಬಿಡುವ ದಿನ

ಕೊನೆಯ ದಿನ ಅಡುಗೆ ಇಟ್ಟುಕೊಳ್ಳಬೇಡಿ. ಹಿಂದಿನ ರಾತ್ರಿಯೇ ಡಬ್ಬಿಗಳನ್ನು ಕಟ್ಟಿಬಿಡಿ. ಪಾತ್ರೆ ತೊಳೆದು ಬೋರಲು ಹಾಕಿ, ಪ್ಲಾಸ್ಟಿಕ್ ಎಲ್ಲ ಒಂದು ಚೀಲದಲ್ಲಿ ತುಂಬಿ ಕಾರಿಗೆ ಹಾಕಿ. ಸಿಲಿಂಡರ್ ಬದಲಿಸಿದ್ದರೆ, ಏನಾದರೂ ಒಡೆದಿದ್ದರೆ ನೀವೇ ಮೊದಲು ಹೇಳಿ. ಮಿಕ್ಕ ಉಪ್ಪಿನಕಾಯಿಯನ್ನು ನಾವು ಮನೆಯ ಅಮ್ಮನಿಗೆ ಬಿಟ್ಟು ಬರುತ್ತೇವೆ. ಅವರು ಪ್ರತಿ ಸಲವೂ ನಾಲ್ಕು ಕಾಯಿ ತಂದು ಕಾರಿಗೆ ಹಾಕುತ್ತಾರೆ. ಹಾಗಾಗಿ ಡಿಕ್ಕಿಯಲ್ಲಿ ಸ್ವಲ್ಪ ಜಾಗ ಇರಲಿ.

ಮೀನು ತರುವುದಾದರೆ ಥರ್ಮೊಕೋಲ್ ಡಬ್ಬಿ ಮೊದಲೇ ಒಯ್ಯಿರಿ. ಬಂದರಿನಲ್ಲಿ ಪುಡಿ ಐಸ್ ಸಿಗುತ್ತದೆ. ಒಂದು ಪದರ ಐಸ್, ಒಂದು ಪದರ ಮೀನು, ಮೇಲೆ ಮತ್ತೆ ಐಸ್, ಮುಚ್ಚಳಕ್ಕೆ ಸುತ್ತಲೂ ಟೇಪ್. ಡಬ್ಬಿಯನ್ನು ದೊಡ್ಡ ಟಬ್ಬಿನೊಳಗೆ ಕೂರಿಸಿ. ಘಾಟಿಯ ತಿರುವಿನಲ್ಲಿ ಐಸ್ ನೀರು ಸೋರಿದರೆ ಆ ವಾಸನೆ ಕಾರಿನಿಂದ ತಿಂಗಳಾದರೂ ಹೋಗುವುದಿಲ್ಲ.

ಮಧ್ಯಾಹ್ನ ಮೂರರೊಳಗೆ ಹೊರಟುಬಿಡಿ. ಆಗುಂಬೆಯಲ್ಲಿ ಸೂರ್ಯಾಸ್ತ ನೋಡೋಣ ಎಂದು ಮಕ್ಕಳು ಹಟ ಮಾಡುತ್ತಾರೆ. ಮೋಡ ಇಲ್ಲದ ದಿನ ಅಲ್ಲಿಂದ ದೂರದಲ್ಲಿ ಸಮುದ್ರ ಗೆರೆಯ ಹಾಗೆ ಹೊಳೆಯುತ್ತದೆ. ಆ ಹೊತ್ತಿಗೆ ಕಾರಿನಲ್ಲಿ ಬಿಟ್ಟ ಸ್ವೆಟರ್‌ಗಳನ್ನು ಹುಡುಕಿಕೊಳ್ಳಬೇಕಾಗುತ್ತದೆ.